ಅಡಿಕೆ ಮರಕ್ಕೆ ವಿಜ್ಞಾನಿ ಇದ್ದಾರೆ, ಗಂಟಲಿಗೆ ಯಾರು?

ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಗಿದ್ದು 1916ರಲ್ಲಿ. 1970ರಲ್ಲಿ ವಿಟ್ಲದ ಅಡಿಕೆ ಕೇಂದ್ರವೂ ಅದರ ಜೊತೆ ಸೇರಿತು, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. ಅಡಿಕೆಗೆ ಕೊಳೆರೋಗ ಬಂದರೆ, ಹಿಂಗಾರ ಒಣಗಿದರೆ ಹೋಗಿ ಕೇಳಲು ನಮಗೊಂದು ಜಾಗ ಇದೆ. ಅದೇ ಅಡಿಕೆ ಜಗಿದು ಜಗಿದು ಬಾಯಿ ತೆರೆಯಲಾಗದವರು ಎಲ್ಲಿಗೆ ಹೋಗಬೇಕು? ಮಂಗಳೂರಿಗೆ. ಚಿಕಿತ್ಸೆ ಅಲ್ಲಿ ಸಿಗುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಈ ಕಾಯಿಲೆ ನಮ್ಮ ಕಡೆ ಯಾರಿಗೆ ಬರುತ್ತದೆ, ಎಷ್ಟು ಬೇಗ ಬಿಗಡಾಯಿಸುತ್ತದೆ ಎಂದು ವರ್ಷಗಟ್ಟಲೆ ಬೆನ್ನು ಹತ್ತುವ ಕಿವಿ-ಮೂಗು-ಗಂಟಲು (ಇಎನ್‌ಟಿ) ವೈದ್ಯರು ತಯಾರಾಗುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು.

ಇಎನ್‌ಟಿಯ ದೊಡ್ಡ ಶೋಧಗಳಲ್ಲಿ ಕೆಲವು ಲ್ಯಾಬಿನಲ್ಲಲ್ಲ, ರೋಗಿಯ ಎದುರೇ ಹುಟ್ಟಿದವು. ವಿಯೆನ್ನಾದ ಕಿವಿ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದರು. ನೀರು ತಣ್ಣಗಿದ್ದರೂ ಜಾಸ್ತಿ ಬಿಸಿಯಿದ್ದರೂ ರೋಗಿಗೆ ತಲೆ ತಿರುಗುತ್ತದೆ, ಕಣ್ಣುಗುಡ್ಡೆ ಪಟಪಟ ಓಡುತ್ತದೆ ಎಂಬುದು ಅವರ ಗಮನಕ್ಕೆ ಬಂತು. ಒಳಕಿವಿಯ ಸಮತೋಲನ ಪರೀಕ್ಷಿಸುವ ಕ್ರಮ ಅಲ್ಲಿಂದ ಬಂತು, ಜೊತೆಗೆ 1914ರ ನೊಬೆಲ್ ಕೂಡ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ತಂದೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸರ್ಜನ್ ಆಗಿ ನೆಲೆ ನಿಂತಿದ್ದ ಕ್ಲಾರ್ಕ್ ಮತ್ತೆ ವಿದ್ಯಾರ್ಥಿಯಾಗಿ ಪಿಎಚ್‌ಡಿ ಮಾಡಿದರು. ಅವರ ತಂಡ ಕಿವುಡರಿಗೆ ಶಬ್ದ ಕೇಳಿಸುವ, ಒಳಕಿವಿಗೆ ಜೋಡಿಸುವ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಜೋಡಿಸಿದ್ದು 1978ರಲ್ಲಿ. ಸಂಪಾದನೆಯ ಪ್ರಾಯದಲ್ಲಿ ಪ್ರಾಕ್ಟೀಸ್ ಬಿಟ್ಟು ಮತ್ತೆ ಓದಲು ಹೋಗುವುದು ಸುಮ್ನೆ ಮಾತಲ್ಲ.

ಅಡಿಕೆಯ ವಿಷಯದಲ್ಲಿ ನಮ್ಮವರೇನೂ ಹಿಂದೆ ಇರಲಿಲ್ಲ. ಬಾಯಿಯ ಒಳಪದರ ನಾರಿನಂತೆ ಗಟ್ಟಿಯಾಗಿ, ಕೊನೆಗೆ ಎರಡು ಬೆರಳು ತೂರಲೂ ಜಾಗ ಇಲ್ಲದಂತಾಗುವ ಕಾಯಿಲೆಯೊಂದಿದೆ. ಈಗ ಅದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಭಾರತದಲ್ಲಿ 1953ರಷ್ಟು ಹಿಂದೆಯೇ ಅದರ ಬಗ್ಗೆ ಬರೆದವರು ಮುಂಬೈಯ ಎಸ್.ಜಿ. ಜೋಷಿ. ಬರೆದದ್ದು ನಮ್ಮದೇ ದೇಶದ ಇಎನ್‌ಟಿ ಪತ್ರಿಕೆಯಲ್ಲಿ. ಆಮೇಲೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧಕರು ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷ ಹಿಂಬಾಲಿಸಿದರು. ಅವರಲ್ಲಿ 5 ಜನರಿಗೆ ಬಾಯಿ ಕ್ಯಾನ್ಸರ್ ಬಂತು. ಈ ಲೆಕ್ಕ ಪ್ರಕಟವಾದದ್ದು 1985ರಲ್ಲಿ. ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಜಗಿದರೂ ಅಪಾಯ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಹೇಳಿತು.

ಹದಿನೇಳು ವರ್ಷ! ಈಗ ನಮ್ಮ ಎಂಎಸ್ ಇಎನ್‌ಟಿ (ಎಂಬಿಬಿಎಸ್ ಮುಗಿಸಿ ಮಾಡುವ ಸ್ನಾತಕೋತ್ತರ ಕೋರ್ಸ್) ವಿದ್ಯಾರ್ಥಿಯ ಥೀಸಿಸ್ ನೋಡಿ. ಕೋರ್ಸ್ ಇರುವುದು ಮೂರು ವರ್ಷ. ವಿಷಯ ಆರಿಸಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಕೊನೆಯ ಪರೀಕ್ಷೆಗೆ ಆರು ತಿಂಗಳ ಮೊದಲೇ ಥೀಸಿಸ್ ಕೊಡಬೇಕು. ನಡುವೆ ಉಳಿಯುವ ಹೆಚ್ಚೆಂದರೆ ಎರಡು ವರ್ಷದಲ್ಲಿ ಓಪಿಡಿ, ಆಪರೇಷನ್ ಥಿಯೇಟರ್, ರಾತ್ರಿ ಡ್ಯೂಟಿ ಎಲ್ಲ ಮುಗಿಸಿ ಅಂಕಿಅಂಶ ಕೂಡಿಸಬೇಕು. ಹಾಗಾಗಿ ಎರಡು ವರ್ಷದಲ್ಲಿ ಮುಗಿಯುವಂಥ ವಿಷಯವನ್ನೇ ಗೈಡ್ ಕೊಡುತ್ತಾರೆ. ಅದು ಅವರ ತಪ್ಪೂ ಅಲ್ಲ. ಪರೀಕ್ಷೆ ಮುಗಿದ ಮೇಲೆ ಆ ಥೀಸಿಸ್ ಕಪಾಟು ಸೇರುತ್ತದೆ. ಆಮೇಲೆ ಮೆಡಿಕಲ್ ಕಾಲೇಜಿನ ಅಧ್ಯಾಪಕರ ಬಡ್ತಿಗೆ ಸಂಶೋಧನಾ ಪೇಪರ್ ಕಡ್ಡಾಯವಾಯಿತು. ಪೇಪರ್‌ಗಳ ಸಂಖ್ಯೆ ಏರಿತು. ಪ್ರಶ್ನೆಗಳ ಗುಣಮಟ್ಟ ಅದೇ ವೇಗದಲ್ಲಿ ಏರಿತೆಂದು ನನಗಂತೂ ಅನ್ನಿಸುವುದಿಲ್ಲ.

ಅಮೆರಿಕದವರು ಬೇರೆ ದಾರಿ ಹಿಡಿದರು. 1964ರಲ್ಲೇ ಅಲ್ಲಿನ ಸರಕಾರ ವೈದ್ಯಕೀಯ ಪದವಿ ಮತ್ತು ಪಿಎಚ್‌ಡಿಯನ್ನು ಒಟ್ಟಿಗೆ ಕೊಡುವ ತರಬೇತಿಗೆ ಹಣ ಕೊಡತೊಡಗಿತು. 1988ರಲ್ಲಿ ಕಿವುಡುತನ ಮತ್ತು ಸಂವಹನ ತೊಂದರೆಗಳಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆ ಬಂತು. ಅಲ್ಲಿ ಇಎನ್‌ಟಿ ತರಬೇತಿ ಐದು ವರ್ಷ. ಸಂಶೋಧನೆಯ ದಾರಿ ಹಿಡಿದವರಿಗೆ ಅದರ ಜೊತೆ ಒಂದೋ ಎರಡೋ ವರ್ಷ ಬರೀ ಲ್ಯಾಬಿಗೆ. ಮುಂದೆ ಕೆಲಸಕ್ಕೆ ಸೇರಿದ ಮೇಲೂ ಅವರ ಸಮಯದ ದೊಡ್ಡ ಪಾಲನ್ನು ಆಸ್ಪತ್ರೆ ಮುಟ್ಟದಂತೆ ಕಾಯುವ ಅನುದಾನಗಳಿವೆ. ಅಲ್ಲೂ ಸರ್ಜನ್‌ಗಳಿಗೆ ಕಷ್ಟ ತಪ್ಪಿಲ್ಲ. ಎರಡು ವರ್ಷ ಕತ್ತರಿ ಹಿಡಿಯದಿದ್ದರೆ ಕೈ ಪಳಗಿದ್ದು ಹೋಗುತ್ತದೆ ಎಂಬ ಭಯ ಒಂದು ಕಡೆ, ಜೊತೆಯವರಷ್ಟು ಸಂಪಾದನೆ ಇಲ್ಲ ಎಂಬುದು ಇನ್ನೊಂದು ಕಡೆ.

ನಮ್ಮಲ್ಲಿ ಏನೂ ಆಗಿಲ್ಲ ಎಂದಲ್ಲ. ಎಂಬಿಬಿಎಸ್ ಹುಡುಗರಿಗೆ ಎರಡು ತಿಂಗಳ ಸಂಶೋಧನೆ ಮಾಡಿಸುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಯೋಜನೆ 1979ರದ್ದು. ಸಂಶೋಧನೆಗೆ ಹಣ ಕೊಡಲೆಂದು 2008ರಲ್ಲಿ ಬಂದ ಇಂಡಿಯಾ ಅಲಯನ್ಸ್ ಎಂಬ ಸಂಸ್ಥೆ ವೈದ್ಯರಿಗೂ ಫೆಲೋಶಿಪ್ ಕೊಡುತ್ತಿದೆ. ಈಗ ಪಿಜಿ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯ. ಆದರೆ ಇವೆಲ್ಲ ಬಿಡಿ ಬಿಡಿ ಮೆಟ್ಟಿಲು. ಎರಡು ತಿಂಗಳ ರುಚಿ ಹತ್ತಿದ ಹುಡುಗಿ ಎಂಎಸ್ ಮುಗಿಸಿ ಫೆಲೋಶಿಪ್‌ವರೆಗೆ ಹೋಗುವ ಹತ್ತು ವರ್ಷ ಅವಳ ಕೈ ಹಿಡಿಯುವವರು ಬೇಕಲ್ವಾ?

ಸ್ಥಳೀಯ ವೈದ್ಯರ ಕಣ್ಣಿಗೆ ಎಷ್ಟು ಬೆಲೆಯಿದೆ ಎಂದು ಕಾಸರಗೋಡಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಎಣ್ಮಕಜೆಯ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಊರಲ್ಲಿ ಕಾಯಿಲೆಗಳು ವಿಚಿತ್ರವಾಗಿ ಹೆಚ್ಚುತ್ತಿವೆ ಎಂದು ಮೊದಲು ಗುರುತಿಸಿದವರಲ್ಲಿ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಆದರೆ ರಕ್ತ ಪರೀಕ್ಷಿಸಿ ಅಧ್ಯಯನ ನಡೆಸಲು 2001ರಲ್ಲಿ ಅಹಮದಾಬಾದಿನ ತಂಡ ಬರಬೇಕಾಯಿತು. ಅಷ್ಟರಲ್ಲಿ ಸಿಂಪಡಣೆ ಶುರುವಾಗಿ ಎರಡು ದಶಕ ದಾಟಿತ್ತು. ಜಿಲ್ಲೆಯಲ್ಲಿ ಆಗ ಮೆಡಿಕಲ್ ಕಾಲೇಜೇ ಇರಲಿಲ್ಲ.

ಬದಿಯಡ್ಕ ಬಳಿಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ದಾರಿ ಬಂದ್ ಆದಾಗ, ಅವಸರದಲ್ಲಿ ಅದೇ ಕಟ್ಟಡ ಕೋವಿಡ್ ಆಸ್ಪತ್ರೆ ಆಯಿತು. 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಅಲ್ಲಿ ಎಂಎಸ್ ಇಎನ್‌ಟಿ ಶುರುವಾಗಲು ಇನ್ನೂ ಸಮಯ ಬೇಕು.

ಅಲ್ಲಿವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮ್ ವಿಜ್ಞಾನವೂ ಇದೆ, ಸಾರ್ವಜನಿಕ ಆರೋಗ್ಯ ವಿಭಾಗವೂ ಇದೆ. ಅಡಿಕೆಯ ರಾಸಾಯನಿಕಗಳನ್ನು ಬಲ್ಲವರು ಸಿಪಿಸಿಆರ್‌ಐಯಲ್ಲಿದ್ದಾರೆ. ಪಿಜಿ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗಿದೆ. ಇವರನ್ನೆಲ್ಲ ರೋಗಿಗಳ ಒಂದೇ ರಿಜಿಸ್ಟರ್‌ಗೆ ಜೋಡಿಸಿದರೆ ಮೂರು ವರ್ಷದ ಥೀಸಿಸ್ ಮುಗಿದಲ್ಲೇ ನಿಲ್ಲುವುದಿಲ್ಲ. ಮುಂದಿನ ಬ್ಯಾಚ್ ಅದೇ ರೋಗಿಗಳನ್ನು ಹಿಂಬಾಲಿಸಬಹುದು. ಹಸಿ ಅಡಿಕೆ ಜಗಿಯುವವರಿಗೂ ಗುಟ್ಕಾ ತಿನ್ನುವವರಿಗೂ ಅಪಾಯದಲ್ಲಿ ಎಷ್ಟು ವ್ಯತ್ಯಾಸ ಎಂಬುದು ನಮ್ಮಲ್ಲಿ ಜಗಳಕ್ಕೇ ಕಾರಣವಾಗುವ ಪ್ರಶ್ನೆ. ಬೆಳೆಗಾರರೂ ವೈದ್ಯರೂ ಒಪ್ಪುವ ಉತ್ತರ ಬೇಕಿದ್ದರೆ ಎಣಿಕೆ ಇಲ್ಲೇ ನಡೆಯಬೇಕು. ಎಣಿಸುವವರಿಗೆ ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕರಲ್ಲೂ ಪ್ರಶ್ನೆ ಕೇಳಲು ಬರಬೇಕು, ಐದು ವರ್ಷ ಕಳೆದ ಮೇಲೂ ಅದೇ ಮನೆಗೆ ಹೋಗಿ ವಿಚಾರಿಸಲು ಸಂಬಳ ಸಿಗಬೇಕು.