ನೋಟರಿ ಸೀಲಿಗೂ ಕೋರ್ಟಿನ ಸಮನ್ಸಿಗೂ ಏನು ಸಂಬಂಧ?

ಗುಬ್ಬಿ ಕಡೆಯ ಹಳ್ಳಿಯಿಂದ ನಮ್ಮ ಮಾವ ಒಂದು ಲಕೋಟೆ ಹಿಡಿದು ತುಮಕೂರಿಗೆ ಓಡಿಬಂದಿದ್ದರು. "ಸಮನ್ಸ್ ಬಂದಿದೆ, ಹೋಗದಿದ್ರೆ ಪೊಲೀಸರು ಎಳ್ಕೊಂಡು ಹೋಗ್ತಾರಂತೆ" ಎಂದರು. ಅತ್ತೆ ರಾತ್ರಿಯೆಲ್ಲ ಅತ್ತಿದ್ದರಂತೆ. ಬಿಚ್ಚಿ ನೋಡಿದರೆ, ಸಾಲ ಕೊಟ್ಟವರು ಬರೆಸಿದ ಕಾಗದ. ಹತ್ತು ದಿನದೊಳಗೆ ಹಾಜರಾಗಿ ಎಂಬ ಒಕ್ಕಣೆ, ಕೆಳಗೆ ದುಂಡನೆಯ ನೋಟರಿ ಸೀಲು. ಕೇಸ್ ನಂಬರ್ ಇಲ್ಲ, ಯಾವ ಕೋರ್ಟಿನ ಹೆಸರೂ ಇಲ್ಲ. ಅದು ಸಮನ್ಸ್ ಆಗಿರಲೇ ಇಲ್ಲ.

ನಮ್ಮಲ್ಲಿ ನೋಟರಿ ತಾನಾಗಿಯೇ ಯಾರನ್ನೂ ಕೋರ್ಟಿಗೆ ಕರೆಯುವಂತಿಲ್ಲ. ಆದರೂ ಆ ಸೀಲು ಕಂಡರೆ ಜನ ಹೆದರುತ್ತಾರೆ. ಅದಕ್ಕೂ ಒಂದು ಹಿನ್ನೆಲೆ ಇದೆ.

ನೋಟರಿಗಳು ಮೊದಲು ಬೇಕಾಗಿದ್ದು ವ್ಯಾಪಾರಕ್ಕೆ. ಹುಂಡಿಗೋ ಪ್ರಾಮಿಸರಿ ನೋಟಿಗೋ (ಇಂತಿಷ್ಟು ಹಣ ಕೊಡಬೇಕೆಂದು ಬರೆದ ವ್ಯಾಪಾರದ ಪತ್ರಗಳು) ಹಣ ಸಿಗಲಿಲ್ಲ ಎಂದರೆ ಅದನ್ನು ಬರೆದಿಡಲು ಒಬ್ಬರು ಬೇಕಿತ್ತು. ಅದಕ್ಕೇ ಇಂಥ ಪತ್ರಗಳ ಕುರಿತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೇ ಅವರ ನೇಮಕದ ಮಾತಿತ್ತು. ಯಾವ ಸೆಕ್ಷನ್ ಗೊತ್ತಾ? 138. ಇವತ್ತು ಚೆಕ್ ಬೌನ್ಸ್ ಎಂದ ಕೂಡಲೇ ಬಾಯಿಗೆ ಬರುವ ಅದೇ ನಂಬರು. 1952ರಲ್ಲಿ ನೋಟರಿಗಳಿಗೆ ಬೇರೆ ಕಾಯ್ದೆ ಬಂದು ಹಳೆಯ ಸೆಕ್ಷನ್ ರದ್ದಾಯಿತು. ಆ ಖಾಲಿ ಜಾಗಕ್ಕೆ 1988ರ ತಿದ್ದುಪಡಿಯಲ್ಲಿ ಚೆಕ್ ಬೌನ್ಸ್ ಬಂದು ಕೂತಿತು.

1952ರ ಕಾಯ್ದೆಯ 8ನೇ ಸೆಕ್ಷನ್ ನೋಟರಿ ಏನೇನು ಮಾಡಬಹುದು ಎಂದು ಹೇಳುತ್ತದೆ. ಸಹಿ ದೃಢೀಕರಿಸುವುದು, ಪ್ರಮಾಣ ಮಾಡಿಸಿ ಅಫಿಡವಿಟ್ ತೆಗೆದುಕೊಳ್ಳುವುದು, ದಾಖಲೆ ಅನುವಾದಿಸುವುದು, ಹೀಗೆ. ಸಮನ್ಸ್ ಹೊರಡಿಸುವುದು ಅದರಲ್ಲಿಲ್ಲ.

ಆಮೇಲೆ ನೋಟರಿ ನಿಧಾನವಾಗಿ ಕೋರ್ಟಿಗೆ ಹತ್ತಿರವಾದರು. ಸಿವಿಲ್ ಕೇಸಿನ ಅಫಿಡವಿಟ್‌ಗೆ ಅವರ ಮುಂದೆ ಪ್ರಮಾಣ ಮಾಡಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 1976ರ ತಿದ್ದುಪಡಿ ಹೇಳಿತು. ಕೋರ್ಟು ಸೂಚಿಸಿದರೆ ಕಮಿಷನರ್ ಆಗಿ, ಅಂದರೆ ಕೋರ್ಟಿನ ಪರವಾಗಿ, ಸಾಕ್ಷಿ ದಾಖಲಿಸಬಹುದು ಎಂದು ನೋಟರಿ ಕಾಯ್ದೆಯ 1999ರ ತಿದ್ದುಪಡಿ ಸೇರಿಸಿತು. ಗೊಂದಲ ಜಾಸ್ತಿಯಾಗುವುದು ಇಲ್ಲೇ. ಕಮಿಷನರ್ ಮುಂದೆ ಸಾಕ್ಷಿ ಬರಲೇಬೇಕು, ನಿಜ. ಆದರೆ ಆ ಬಲ ಬರುವುದು ಕೋರ್ಟಿನ ಆದೇಶದಿಂದ, ನೋಟರಿ ಸೀಲಿನಿಂದ ಅಲ್ಲ. ಬಾರದ ಸಾಕ್ಷಿಗೆ ದಂಡ ಹಾಕುವುದೂ ಕೋರ್ಟೇ. ನೋಟರಿ ಮಧ್ಯಸ್ಥಗಾರರಾಗಿ ಕೂತರೂ ಅಷ್ಟೇ, ಸಾಕ್ಷಿಯನ್ನು ಬಲವಂತವಾಗಿ ಕರೆಸಲು ಕೋರ್ಟಿನ ನೆರವು ಕೇಳಬೇಕು.

ಎಲ್ಲ ಕಡೆ ಹೀಗಿಲ್ಲ. ಅಮೆರಿಕದ ಓಹಿಯೋ ರಾಜ್ಯದ ಕಾನೂನು, ಸಾಕ್ಷಿ ಹೇಳಿಕೆ ಪಡೆಯುವಾಗ ಸಾಕ್ಷಿಗಳನ್ನು ಕರೆಸುವ ಅಧಿಕಾರವನ್ನು ನೋಟರಿಗೇ ಕೊಟ್ಟಿದೆ. ಅಲ್ಲಿನ 'ಸಬ್‌ಪೀನಾ' (ಸಾಕ್ಷಿಗೆ ಬರಲೇಬೇಕೆಂದು ಹೇಳುವ ಆದೇಶ) ಮಾತು ಮೊಬೈಲಿನಲ್ಲಿ ನೋಡಿ ಇಲ್ಲೂ ಹಾಗೇ ಅಂದುಕೊಳ್ಳುವವರನ್ನು ಕಂಡಿದ್ದೇನೆ.

ನಿಜವಾದ ಸಮನ್ಸಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರು, ಹಾಜರಾಗುವ ದಿನ ಇರುತ್ತದೆ. ಜಡ್ಜ್ ಅಥವಾ ಅವರು ನೇಮಿಸಿದ ಅಧಿಕಾರಿಯ ಸಹಿ, ಕೋರ್ಟಿನ ಮೊಹರು ಇರುತ್ತದೆ. ಸಿವಿಲ್ ಕೇಸಾದರೆ ಕೋರ್ಟಿನ ಸಿಬ್ಬಂದಿಯಾದ ಅಮೀನರು ತರುತ್ತಾರೆ, ತೆಗೆದುಕೊಳ್ಳದೆ ಹಟ ಮಾಡಿದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ಅದನ್ನು ಮಾತ್ರ ದಯವಿಟ್ಟು ಸುಮ್ನೆ ಬಿಡಬೇಡಿ. ನಿಮ್ಮ ಬೆನ್ನ ಹಿಂದೆ ಏಕಪಕ್ಷೀಯ ತೀರ್ಪು ಬಂದುಬಿಡಬಹುದು.

ಕ್ರಿಮಿನಲ್ ಕೇಸಿನಲ್ಲಿ ಮೊದಲು, ಆರೋಪಿ ಮನೆಯಲ್ಲಿ ಸಿಗದಿದ್ದರೆ ಸಮನ್ಸನ್ನು ಜೊತೆಗಿರುವ ವಯಸ್ಕ ಗಂಡಸಿನ ಕೈಗೇ ಕೊಡಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 'ಗಂಡಸು' ಎಂಬ ಮಾತನ್ನು ತೆಗೆದುಹಾಕಿದೆ. ಈಗ ಮನೆಯ ಹೆಂಗಸರೂ ತೆಗೆದುಕೊಳ್ಳಬಹುದು. ಮಾವನ ಮನೆಯಲ್ಲಿ ಆ ಲಕೋಟೆಗೆ ಕೈಯೊಡ್ಡಿದ್ದು ಅತ್ತೆಯೇ. ಕೇಸ್ ನಂಬರ್ ಎಲ್ಲಿರುತ್ತೆ ಎಂದು ಈಗ ಅವರಿಗೆ ತೋರಿಸಿಕೊಟ್ಟಿದ್ದೇನೆ.