ಮಲಗುವ ಕೋಣೆಗೆ ಹೂವು ಒಂದೇ ಕಡೆ ಸಾಕು

ಮಲಗುವ ಕೋಣೆಗೆ ಹೂವಿನ ಕಳೆ ಬೇಕು, ಖರ್ಚು ಮಾತ್ರ ಕೈ ಮೀರಬಾರದು. ಒಳಾಂಗಣ ವಿನ್ಯಾಸದ ಕೆಲಸದಲ್ಲಿ ನಾನು ತುಂಬಾ ಸಲ ಕೇಳಿರುವ ಮಾತು ಇದು. ಹೀಗೆ ಹೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಹೂವಿನ ಬೆಡ್‌ಶೀಟ್, ಅದಕ್ಕೆ ಒಪ್ಪುವ ದಿಂಬಿನ ಕವರ್, ಅದೇ ಹೂವಿನ ಪರದೆ, ಗೋಡೆಗೆ ಹೂವಿನ ಚಿತ್ರ, ಮೂಲೆಗೊಂದು ಪ್ಲಾಸ್ಟಿಕ್ ಹೂಗುಚ್ಛ. ಆ ಪಟ್ಟಿಯಲ್ಲಿ ಮುಕ್ಕಾಲು ಭಾಗವನ್ನು ನಾನು ಹೊಡೆದುಹಾಕುತ್ತೇನೆ. ಹೂವು ಒಂದೇ ಕಡೆ ಇರಲಿ, ಅಲ್ಲಿ ಧಾರಾಳವಾಗಿ ಇರಲಿ. ಉಳಿದ ಕೋಣೆ ಸುಮ್ಮನಿರಲಿ. ಆಗ ಕಣ್ಣಿಗೂ ಹಿತ, ಇರುವ ದುಡ್ಡೆಲ್ಲ ಒಂದೇ ಒಳ್ಳೆಯ ವಸ್ತುವಿಗೆ ಸಲ್ಲುತ್ತದೆ.

ಆ ಒಂದು ಕಡೆ ಯಾವುದು? ಬಾಗಿಲಲ್ಲಿ ನಿಂತು ನೋಡಿ. ಹೆಚ್ಚಿನ ಕೋಣೆಗಳಲ್ಲಿ ಕಣ್ಣು ಮೊದಲು ಹೋಗುವುದು ಮಂಚದ ತಲೆಯ ಕಡೆಯ ಗೋಡೆಗೆ. ಈಗ ಹಾಸಿಗೆ ಮೇಲೆ ಮಲಗಿ. ಆ ಗೋಡೆ ನಿಮ್ಮ ತಲೆಯ ಹಿಂದೆ ಇರುತ್ತದೆ, ಕಾಣುವುದೇ ಇಲ್ಲ. ಒಳಗೆ ಬರುವಾಗ ಹೂವು ಎದುರಾಗುತ್ತದೆ, ನಿದ್ದೆಯ ಹೊತ್ತಿಗೆ ಕಣ್ಣಿನ ಮುಂದೆ ಏನೂ ಕುಣಿಯುವುದಿಲ್ಲ. ಹಾಗಾಗಿ ಕಾಲಿನ ಕಡೆಯ ಗೋಡೆಯನ್ನು ಯಾವತ್ತೂ ಖಾಲಿ ಬಿಡಿ ಅಂತ ಹೇಳುತ್ತೇನೆ.

ತಲೆಯ ಕಡೆಯ ಗೋಡೆಗೆ ವಾಲ್‌ಪೇಪರ್ ಹಾಕುವುದಾದರೆ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಲೇಬೇಕು. ಸಾಮಾನ್ಯವಾಗಿ ಸಿಗುವ ಒಂದು ರೋಲ್ 53 ಸೆಂ.ಮೀ. ಅಗಲ, 10.05 ಮೀಟರ್ ಉದ್ದ ಇರುತ್ತದೆ. ಗೋಡೆ 2.4 ಮೀಟರ್ ಎತ್ತರ, 3.6 ಮೀಟರ್ ಅಗಲ ಅಂದುಕೊಳ್ಳಿ. ಅಗಲಕ್ಕೆ 7 ಪಟ್ಟಿ ಬೇಕು. ಮೇಲೆ ಕೆಳಗೆ ಕತ್ತರಿಸಲು ಸ್ವಲ್ಪ ಬಿಟ್ಟು ಒಂದು ಪಟ್ಟಿಗೆ 2.5 ಮೀಟರ್ ಇಟ್ಟರೆ ಒಂದು ರೋಲ್‌ನಲ್ಲಿ 4 ಪಟ್ಟಿ ಸಿಗುತ್ತದೆ. 2 ರೋಲ್ ತಂದರೆ ಮುಗಿಯಿತು. ಆದರೆ ಹೂವು ದೊಡ್ಡದಿದ್ದು, ವಿನ್ಯಾಸ 64 ಸೆಂ.ಮೀ.ಗೆ ಒಮ್ಮೆ ಮರಳಿ ಬರುವಂತಿದ್ದರೆ ಕಥೆ ಬೇರೆ. ಪಕ್ಕದ ಪಟ್ಟಿಯ ಹೂವಿಗೆ ಕೂಡಿಸಲು ಪ್ರತಿ ಪಟ್ಟಿಯನ್ನೂ 2.56 ಮೀಟರ್‌ಗೆ ಕತ್ತರಿಸಬೇಕು. ನಾಲ್ಕು ಪಟ್ಟಿಗೆ 10.24 ಮೀಟರ್ ಆಯಿತು. ರೋಲ್ 19 ಸೆಂ.ಮೀ. ಸಾಲದೆ ಹೋಗಿ, ಮೂರೇ ಪಟ್ಟಿ ಸಿಕ್ಕಿ, 3ನೇ ರೋಲ್ ಕೊಳ್ಳಬೇಕಾಗುತ್ತದೆ. ಅದೇ ಗೋಡೆ, ಅದೇ ದರದ ಕಾಗದ, ಖರ್ಚು ಮಾತ್ರ ಒಂದೂವರೆ ಪಟ್ಟು. ವಿನ್ಯಾಸ ಎಷ್ಟು ಅಂತರಕ್ಕೆ ಮರಳುತ್ತದೆ ಅನ್ನುವುದು ರೋಲ್‌ನ ಲೇಬಲ್ ಮೇಲೇ ಇರುತ್ತದೆ. ದರ ನೋಡುವ ಮುಂಚೆ ಅದನ್ನು ನೋಡಿ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಬಟ್ಟೆ ಹೊದಿಸಿದ ಹೆಡ್‌ಬೋರ್ಡ್, ಅಂದರೆ ಮಂಚದ ತಲೆಯ ಕಡೆ ನಿಲ್ಲಿಸುವ ಹಲಗೆ. ಬೇಸರವಾದಾಗ ಬಟ್ಟೆ ಬದಲಿಸಬಹುದು, ಬಾಡಿಗೆ ಮನೆಯಾದರೆ ಹೊರಡುವಾಗ ಜೊತೆಗೆ ಒಯ್ಯಬಹುದು. 12 ಮಿ.ಮೀ. ಪ್ಲೈವುಡ್, ಅದರ ಮೇಲೆ ತೆಳು ಫೋಮ್, ಮೇಲೆ ಹೂವಿನ ಬಟ್ಟೆ, ಇಷ್ಟೇ. ಮೀಟರ್ ಲೆಕ್ಕದಲ್ಲಿ ಪರದೆ ಬಟ್ಟೆ ಕೊಳ್ಳುವ ಬದಲು ದೊಡ್ಡ ಕಾಟನ್ ಬೆಡ್‌ಶೀಟ್ ಒಂದನ್ನು ತನ್ನಿ. ಅಗಲ ಜಾಸ್ತಿ, ಎಲ್ಲೂ ಜೋಡಣೆ ಬರುವುದಿಲ್ಲ, ಉಳಿದ ತುಂಡಿನಲ್ಲಿ ಕುಶನ್ ಕವರ್ ಕೂಡ ಆಗುತ್ತದೆ. ಕತ್ತರಿ ಹಾಕುವ ಮೊದಲು ಒಮ್ಮೆ ಒಗೆದು ಒಣಗಿಸಿ. ಹೊಸ ಕಾಟನ್ ಮೊದಲ ಒಗೆತಕ್ಕೆ ನೂರಕ್ಕೆ 5ರಷ್ಟು ಕುಗ್ಗಬಹುದು. ಹೊಲಿದ ಮೇಲೆ ಕುಗ್ಗಿದರೆ ಕವರ್ ಒಳಗೆ ದಿಂಬು ಹೋಗುವುದಿಲ್ಲ.

ಹಲಗೆಗೆ ಬಟ್ಟೆ ಬಿಗಿಯುವಾಗ ಅವಸರ ಬೇಡ. ಬೆಡ್‌ಶೀಟ್ ತೆಳು ಇರುವುದರಿಂದ ಒಳಗೆ ಒಂದು ಪದರ ಬಿಳಿ ಬಟ್ಟೆ ಕೊಡಿ, ಇಲ್ಲದಿದ್ದರೆ ಫೋಮ್ ಬಣ್ಣ ಹೊರಗೆ ಕಾಣುತ್ತದೆ. ಹಲಗೆಯ ನಡುವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಬಟ್ಟೆಯ ದೊಡ್ಡ ಹೂವೊಂದನ್ನು ಅಲ್ಲಿಗೆ ಸರಿಯಾಗಿ ತನ್ನಿ. ಬಳ್ಳಿ, ಕಾಂಡ ಯಾವ ಕಡೆಗೆ ಹೋಗುತ್ತಿದೆ ನೋಡಿ, ಹೂವು ತಲೆಕೆಳಗಾಗಬಾರದು ಅಲ್ವಾ. ಸ್ಟೇಪಲ್ ಗನ್ ಹಿಡಿದು ಮೇಲಿನ ಅಂಚಿನ ನಡುವೆ ಒಂದು ಪಿನ್, ಬಟ್ಟೆ ಎಳೆದು ಕೆಳ ಅಂಚಿನ ನಡುವೆ ಒಂದು, ಆಮೇಲೆ ಎರಡೂ ಪಕ್ಕಕ್ಕೆ ಒಂದೊಂದು. ಅಲ್ಲಿಂದ ಎದುರುಬದುರು ಹೊಡೆಯುತ್ತಾ ಮೂಲೆಗಳ ಕಡೆ ಹೋಗಿ. ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಓರೆಯಾಗುತ್ತದೆ, ಹೂವಿನ ಸಾಲೂ ವಾಲುತ್ತದೆ.

ಸಣ್ಣ ಕೋಣೆಗೆ ಸಣ್ಣ ಹೂವೇ ಸರಿ ಅನ್ನುವ ನಂಬಿಕೆ ಬಲವಾಗಿದೆ. ನಾನು ಒಪ್ಪುವುದಿಲ್ಲ. ಒತ್ತೊತ್ತಾಗಿ ತುಂಬಿದ ಪುಟ್ಟ ಹೂವುಗಳು ಬಾಗಿಲಿನಿಂದ ನೋಡಿದರೆ ಬರೀ ಚುಕ್ಕೆ, ಕಣ್ಣಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಅಂಗೈಯಷ್ಟು ದೊಡ್ಡ ಹೂವು ಅಲ್ಲೊಂದು ಇಲ್ಲೊಂದು ಇದ್ದು, ನಡುವೆ ಖಾಲಿ ಜಾಗ ಧಾರಾಳವಾಗಿದ್ದರೆ ಸಣ್ಣ ಕೋಣೆಯೂ ನೆಮ್ಮದಿಯಾಗಿ ಕಾಣುತ್ತದೆ. ಎರಡನೇ ವಿನ್ಯಾಸ ಬೇಕೇ ಬೇಕು ಅನಿಸಿದರೆ ಇನ್ನೊಂದು ಹೂವಿಗೆ ಕೈ ಹಾಕಬೇಡಿ. ತೆಳು ಗೆರೆ ಅಥವಾ ಸಣ್ಣ ಚೌಕಳಿ ಹೂವಿನ ಪಕ್ಕ ಚೆನ್ನಾಗಿ ಹೊಂದುತ್ತದೆ.

ಉಳಿದ ಬಣ್ಣಗಳನ್ನು ಆ ಬಟ್ಟೆಯಿಂದಲೇ ಎತ್ತಿಕೊಳ್ಳಿ. ಮುದ್ರಿಸಿದ ಬಟ್ಟೆಯ ಅಂಚಿನಲ್ಲಿ ಎಷ್ಟೋ ಸಲ ಬಣ್ಣದ ಚುಕ್ಕೆಗಳ ಸಾಲೊಂದು ಇರುತ್ತದೆ. ಆ ಹೂವಿಗೆ ಯಾವ ಯಾವ ಬಣ್ಣ ಬಳಸಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹಿನ್ನೆಲೆಯ ಬಣ್ಣ ಗೋಡೆಗೆ, ಎಲೆಯ ಬಣ್ಣ ಪರದೆಗೆ. ಹೂವಿನ ಬಣ್ಣವನ್ನು ಒಂದು ಕುಶನ್‌ಗೋ ಲ್ಯಾಂಪ್ ಶೇಡ್‌ಗೋ ಮಾತ್ರ ಮೀಸಲಿಡಿ. ಹಲವರು ಹೂವಿನ ಬಣ್ಣದ್ದೇ ಪರದೆ ಹಾಕಿಸುತ್ತಾರೆ. ಅಷ್ಟು ದೊಡ್ಡ ಗುಲಾಬಿ ಬಣ್ಣದ ಪರದೆ ಬಂದ ಮೇಲೆ ಹೆಡ್‌ಬೋರ್ಡ್‌ನ ಗುಲಾಬಿಯನ್ನು ಯಾರು ನೋಡುತ್ತಾರೆ?

ಇದೆಲ್ಲಕ್ಕಿಂತ ಮುಖ್ಯವಾದದ್ದು, ಆದರೂ ಯಾರೂ ಗಮನಿಸದ್ದು, ಬೆಳಕು. ಬಟ್ಟೆಯನ್ನು ನಾವು ಆರಿಸುವುದು ಹಗಲಿನಲ್ಲಿ, ಇಲ್ಲವೇ ಅಂಗಡಿಯ ಬಿಳಿ ದೀಪದಲ್ಲಿ. ಮಲಗುವ ಕೋಣೆಯಲ್ಲಿ ನಾವು ಎಚ್ಚರವಾಗಿರುವುದು ಹೆಚ್ಚಾಗಿ ಸಂಜೆ, ರಾತ್ರಿ, ಮುಂಜಾನೆ. 2700 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಕೆಳಗೆ ನೀಲಿ, ನೇರಳೆ ಹೂವು ಮಂಕಾಗುತ್ತದೆ, ತಿಳಿ ಗುಲಾಬಿ ಬಣ್ಣ ಕಿತ್ತಳೆ ಕಡೆ ವಾಲುತ್ತದೆ. ಬೆಳಕು ತೀರಾ ಕಡಿಮೆಯಾದಾಗ ಆಗುವುದೇ ಬೇರೆ. ಹಗಲಲ್ಲಿ ಕೆಂಪಗೆ ಬೆಳಗುವ ಹೂವು ನಸುಕಿನಲ್ಲಿ ಕಪ್ಪಾಗಿ ಕಾಣುವುದನ್ನು ಗಮನಿಸಿ 1825ರಲ್ಲಿ ಬರೆದಿಟ್ಟವರು ಚೆಕ್ ವಿಜ್ಞಾನಿ ಪುರ್ಕಿನ್ಯೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು, ನೀಲಿ ಹಸಿರು ಹೆಚ್ಚು ಹೊತ್ತು ಉಳಿಯುತ್ತವೆ. ಗಾಢ ಕೆಂಪು ಹೂವಿನ ಹೊದಿಕೆ ಮಸುಕು ದೀಪದಲ್ಲಿ ಕಲೆ ಕಲೆಯಾಗಿ ಕಾಣುವುದು ಇದೇ ಕಾರಣಕ್ಕೆ. ಬಟ್ಟೆಯ ಚೂರೊಂದನ್ನು ಮನೆಗೆ ತಂದು, ಗೋಡೆಗೆ ಅಂಟಿಸಿ, ರಾತ್ರಿ ಮಲಗುವ ಮುಂಚೆ ನೀವು ಉರಿಸುವ ದೀಪದಲ್ಲೇ ನೋಡಿ. ಆಗಲೂ ಚೆಂದ ಕಂಡರೆ ಕೊಳ್ಳಿ. ಜೊತೆಗೆ ಬಲ್ಬ್ ಬದಲಿಸುವುದಾದರೆ ಡಬ್ಬಿಯ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ) 90 ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನು ತೆಗೆದುಕೊಳ್ಳಿ. ಬಣ್ಣಗಳು ಅದರಲ್ಲಿ ಹೆಚ್ಚು ನಿಜವಾಗಿ ಕಾಣುತ್ತವೆ.

ಪ್ಲಾಸ್ಟಿಕ್ ಹೂವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಎಸಳಿನ ಮೇಲೂ ಧೂಳು ಕೂರುತ್ತದೆ, ಮಲಗುವ ಜಾಗದಲ್ಲಿ ಅದು ಬೇಡ. ನಿಜ ಹೂವು ಬೇಕೆಂದರೆ ಮಂಚದ ಪಕ್ಕದ ಮೇಜಿನ ಮೇಲೆ ಒಂದೇ ಕಾಂಡ, ಪುಟ್ಟ ಬಾಟಲಿಯಲ್ಲಿ. ಕಾಂಡವನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆ ತೆಗೆಯಿರಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಘಾಟು ಪರಿಮಳದ ಹೂವು ಮುಚ್ಚಿದ ಕೋಣೆಯಲ್ಲಿ ತಲೆನೋವು ತರಬಹುದು. ಮನೆಯಲ್ಲಿ ಬೆಕ್ಕು ಇದ್ದರೆ ಲಿಲ್ಲಿ ಹೂವು ಬೇಡವೇ ಬೇಡ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಬಾಡುವ ಮುಂಚೆ ಆ ಬಾಟಲಿಯ ಹೂವಿನ ಎಸಳು, ಎಲೆಗಳನ್ನು ಹೀರುವ ಕಾಗದದ ನಡುವೆ ಇಟ್ಟು, ಭಾರದ ಪುಸ್ತಕದ ಕೆಳಗೆ ಮೂರು ನಾಲ್ಕು ವಾರ ಬಿಡಿ. ಮೊದಲ ವಾರ ಕಾಗದವನ್ನು ಒಂದೆರಡು ಸಲ ಬದಲಿಸಿದರೆ ಬೂಷ್ಟು ಹಿಡಿಯುವುದಿಲ್ಲ. ತೆಳು ಎಸಳಿನ ಹೂವು ಚೆನ್ನಾಗಿ ಒಣಗುತ್ತದೆ, ದಪ್ಪ ಹೂವನ್ನು ಎಸಳು ಬಿಡಿಸಿಯೇ ಇಡಬೇಕು. ಒಣಗಿದ್ದನ್ನು ಸಾದಾ ಫ್ರೇಮಿಗೆ ಹಾಕಿ ತೂಗುಹಾಕಿ, ಆದರೆ ಕಿಟಕಿಯ ಎದುರು ಬೇಡ. ನೇರ ಬಿಸಿಲು ಬಿದ್ದರೆ ಬಣ್ಣ ಬೇಗ ಹಾರಿಹೋಗುತ್ತದೆ.