ಬೋಟಿನ ಡೆಕ್: ಉಪ್ಪುನೀರು, ಮಳೆನೀರು ಮತ್ತು ತೊಳೆಯುವ ಕ್ರಮ

ಬೋಟಿನ ಡೆಕ್ (ಮೇಲಿನ ನೆಲಹಾಸು) ಯಾವುದರಿಂದ ಹಾಳಾಗುತ್ತದೆ ಎಂಬ ಪ್ರಶ್ನೆಗೆ "ಡೆಕ್ ಹಾಳಾಗುವುದು ಸಮುದ್ರದ ನೀರಿನಿಂದ" ಎಂದಷ್ಟೇ ಬರೆದರೆ ನಾನಾಗಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ. ಮರದ ಡೆಕ್ಕಿನ ಮಟ್ಟಿಗೆ ಸಂಗತಿ ಉಲ್ಟಾ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಮರದೊಳಗೆ ಶೇ. 20ಕ್ಕಿಂತ ಹೆಚ್ಚು ತೇವ ಬೇಕು, ಅದೂ ಸಿಹಿನೀರಿನ ತೇವವಾದರೆ ಒಳ್ಳೆಯದು. ಉಪ್ಪು ಹಿಡಿದ ಮರದಲ್ಲಿ ಅದು ಸುಲಭಕ್ಕೆ ಬೇರೂರುವುದಿಲ್ಲ. ಹಾಗಾಗಿ ಅಲೆ ಸಿಡಿದು ನೆನೆದು, ಬಿಸಿಲಿಗೆ ಒಣಗುವ ಡೆಕ್ಕಿಗಿಂತ, ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ (ಬೋಟು ಕಟ್ಟುವ ಕಟ್ಟೆ) ಮಳೆಗೆ ಮೈಯೊಡ್ಡಿ ನಿಂತ ಡೆಕ್ಕಿಗೇ ಅಪಾಯ ಹೆಚ್ಚು. ದುಡಿಯುವಾಗ ಗಟ್ಟಿ, ರಜೆಯಲ್ಲಿ ಕಾಯಿಲೆ.

ಕಬ್ಬಿಣದ್ದು ಬೇರೆ ಕಥೆ. ಉಪ್ಪು, ಗಾಳಿಯಲ್ಲಿರುವ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಆ ತೇವದಲ್ಲಿ ತುಕ್ಕು ಓಡುತ್ತದೆ. ಈಗ ಕಷ್ಟ ಎಲ್ಲಿ ನೋಡಿ: ನಮ್ಮ ಟ್ರಾಲ್ ಬೋಟುಗಳ (ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಬೋಟು) ಡೆಕ್ಕಿನಲ್ಲಿ ಮರವೂ ಕಬ್ಬಿಣವೂ ಒಟ್ಟಿಗೇ ಇರುತ್ತವೆ. ವಿಂಚಿನ (ಬಲೆಯ ಹಗ್ಗ ಸುತ್ತುವ ಯಂತ್ರ) ಬುಡ, ಬೋಲ್ಟು, ಮೊಳೆಯ ತಲೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷ. ಬೋಲ್ಟಿನ ಸುತ್ತ ತುಕ್ಕು ಉಬ್ಬಿದರೆ ತೂತು ಸಡಿಲವಾಗುತ್ತದೆ, ಅಲ್ಲಿಂದ ಮಳೆನೀರು ಮರದೊಳಗೆ ಇಳಿಯುತ್ತದೆ. ಕೊಳೆತ ಜಾಗ ಹುಡುಕಬೇಕಾದರೆ ಮೊದಲು ಬೋಲ್ಟುಗಳ ಬುಡ ನೋಡಬೇಕು. ಹಲಗೆಯ ನಡುಭಾಗ ಆಮೇಲೆ.

ಮರದ ಮೇಲೆ ಫೈಬರ್ ಹೊದಿಸಿದ್ದರೆ ನೀರಿನ ಚಿಂತೆ ಇಲ್ಲ ಎಂದುಕೊಳ್ಳಬೇಡಿ. ಹೊದಿಕೆ ನೀರನ್ನು ಹೊರಗಿಡುವಷ್ಟೇ ಚೆನ್ನಾಗಿ, ಒಳಹೊಕ್ಕ ನೀರನ್ನು ಒಳಗೂ ಇಡುತ್ತದೆ. ಸುತ್ತಿಗೆಯ ಹಿಡಿಯಿಂದ ಕುಟ್ಟುತ್ತಾ ಹೋಗಿ. ಗಟ್ಟಿ ಜಾಗ 'ಟಣ್' ಎನ್ನುತ್ತದೆ, ಫೈಬರ್ ಮರ ಬಿಟ್ಟ ಜಾಗ 'ಡಬ್' ಎನ್ನುತ್ತದೆ. ಹಿಂದಿನವರು ದೋಣಿಗೆ ಬೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಅದು ಆಗಾಗ ಬಳಿಯಬೇಕಾದ ಕೆಲಸ, ನಿಜ. ಆದರೆ ಮರ ಎಲ್ಲಿ ಮೆತ್ತಗಾಗಿದೆ ಎಂಬುದು ಕಣ್ಣಿಗೆ ಬೀಳುತ್ತಿತ್ತು.

ಇನ್ನು ತೊಳೆಯುವುದು. ಮೀನಿನ ರಕ್ತ, ಲೋಳೆಗೆ ಬಿಸಿನೀರು ಹಾಕಬಾರದು. ಅದರ ಪ್ರೋಟೀನ್ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಣಗುವ ಮೊದಲೇ ತಣ್ಣೀರು ಹೊಯ್ದು ತಳ್ಳಬೇಕು. ತೊಳೆಯುವ ನೀರನ್ನು ಬಂದರಿನೊಳಗಿಂದ ಎತ್ತಬೇಡಿ. ಡೀಸೆಲ್, ಕೊಳಚೆ ಸೇರಿದ ನೀರಿನಿಂದ ಮೀನು ಬೀಳುವ ಜಾಗ ತೊಳೆದರೆ ಏನು ತೊಳೆದಂತಾಯಿತು? ಬಂದರಿಗೆ ಬರುವ ಮುಂಚೆ, ಹೊರಗಿನ ತಿಳಿಸಮುದ್ರದಲ್ಲೇ ಈ ಕೆಲಸ ಮುಗಿಸಬೇಕು. ಆಮೇಲೆ ಮೀನೆಣ್ಣೆಯ ಜಿಡ್ಡಿಗೆ ಸಾಬೂನು ನೀರು, ಬ್ರಷ್. ಮರವಾದರೆ ಎಳೆಗೆ ಅಡ್ಡವಾಗಿ ಉಜ್ಜಬೇಕು. ಎಳೆಯ ಉದ್ದಕ್ಕೆ ಉಜ್ಜಿದರೆ ಮೆತ್ತನೆಯ ಭಾಗ ಸವೆದು ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ, ಮುಂದೆ ಕೊಳೆ ಕೂರುವುದು ಆ ಸಾಲುಗಳಲ್ಲೇ. ಜೋರು ಒತ್ತಡದ ಪೈಪು ಹಿಡಿದರೂ ಇದೇ ಗತಿ. ಸ್ಟೀಲ್ ವುಲ್ ಬೇಡವೇ ಬೇಡ. ಅದರ ಚೂರುಗಳು ಮರುದಿನ ಕಂದು ಚುಕ್ಕೆಗಳಾಗಿ ಅರಳುತ್ತವೆ. ಆ ಚುಕ್ಕೆ ತೆಗೆಯಲು ಆಕ್ಸಾಲಿಕ್ ಆಮ್ಲ ಬೇಕಾಗುತ್ತದೆ, ಕೈಗವಸಿನೊಂದಿಗೆ. ಕೊನೆಗೆ ಕಬ್ಬಿಣದ ಭಾಗಗಳಿಗೆ ಮಾತ್ರ ಸಿಹಿನೀರು, ಕೂಡಲೇ ಒರೆಸುವುದು.

2013ರ ಜನವರಿ 1ರಿಂದ ಜಾರಿಯಲ್ಲಿರುವ ಮಾರ್ಪೋಲ್ (ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) 5ನೇ ಅನುಬಂಧದ ಪರಿಷ್ಕೃತ ನಿಯಮದ ಪ್ರಕಾರ, ಡೆಕ್ ತೊಳೆದ ನೀರಲ್ಲಿನ ಸಾಬೂನು ಸಮುದ್ರಕ್ಕೆ ಹಾನಿ ಮಾಡದಂಥದ್ದಾಗಿದ್ದರೆ ಮಾತ್ರ ಹೊರಬಿಡಬಹುದು. ಕೆರೆದ ಬಣ್ಣದ ಚಕ್ಕೆ ಯಾವ ಕಾರಣಕ್ಕೂ ನೀರಿಗೆ ಬೀಳಬಾರದು.

ಒಂದು ಲೆಕ್ಕ. ತೊಳೆದ ಡೆಕ್ಕಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲಲು 100 ಪಿಪಿಎಂ ಕ್ಲೋರಿನ್ ನೀರು 100 ಲೀಟರ್ ಬೇಕು, ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ. 30 ಇದೆ ಎಂದುಕೊಳ್ಳಿ. 100 ಪಿಪಿಎಂ ಅಂದರೆ ಲೀಟರಿಗೆ 100 ಮಿಲಿಗ್ರಾಂ. 100 ಲೀಟರಿಗೆ 10 ಗ್ರಾಂ ಕ್ಲೋರಿನ್. 10 ÷ 0.30, ಅಂದರೆ ಸುಮಾರು 33 ಗ್ರಾಂ ಪುಡಿ. ರಕ್ತ, ಲೋಳೆ ಉಳಿದಿದ್ದರೆ ಕ್ಲೋರಿನ್ ಅದನ್ನೇ ತಿಂದು ಮುಗಿಯುತ್ತದೆ, ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ತೊಳೆಯುವುದು. ಕೈ ಧಾರಾಳವಾದರೂ ಕಷ್ಟ: ಹೆಚ್ಚಾದ ಕ್ಲೋರಿನ್ ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನೇ ಕರಗಿಸುತ್ತದೆ, ಕಬ್ಬಿಣವನ್ನೂ ಕೊರೆಯುತ್ತದೆ. ತುಕ್ಕು ತೆಗೆಯುವ ಆಮ್ಲ ಹಾಕಿದ ಜಾಗಕ್ಕೆ, ಅದು ಪೂರ್ತಿ ತೊಳೆದು ಹೋಗುವವರೆಗೆ, ಬ್ಲೀಚ್ ಮುಟ್ಟಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹೋಲ್ಡಿನಂಥ (ಡೆಕ್ಕಿನಡಿ ಮೀನು ತುಂಬುವ ಕೋಣೆ) ಮುಚ್ಚಿದ ಜಾಗದಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಬಣ್ಣ ಬಳಿಯುವುದು ನಿಷೇಧದ ಬಿಡುವಿನ ಕೆಲಸ ಎಂದು ರೂಢಿ. ಕಬ್ಬಿಣದ ಡೆಕ್ಕಿಗೆ ಈ ರೂಢಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಳಿಯುವಾಗ ಗಾಳಿಯ ಆರ್ದ್ರತೆ ಶೇ. 85 ದಾಟಬಾರದು, ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 28 ಡಿಗ್ರಿ, ಆರ್ದ್ರತೆ ಶೇ. 85 ಇದ್ದರೆ ಇಬ್ಬನಿ ಬಿಂದು ಸುಮಾರು 25. ಅಂದರೆ ತಗಡು 28 ಡಿಗ್ರಿಯಾದರೂ ಇರಬೇಕು. ಆಷಾಢದ ಕರಾವಳಿಯಲ್ಲಿ, ಶೆಡ್ಡಿನ ಹೊರಗೆ, ಅಂಥ ದಿನ ಎಷ್ಟು ಸಿಕ್ಕೀತು? ಮೇ ತಿಂಗಳ ಬಿಸಿಲೇ ವಾಸಿ. ಬಳಿಯುವ ಮುಂಚೆ ಸಿಹಿನೀರಿನಲ್ಲಿ ಉಪ್ಪು ತೊಳೆದಿರಬೇಕು. ಬಣ್ಣದಡಿ ಉಳಿದ ಉಪ್ಪು ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಕಾಲು ಜಾರದಂತೆ ಹಸಿ ಬಣ್ಣದ ಮೇಲೆ ಉದುರಿಸುವ ಮರಳಿಗೂ ಇದೇ ಮಾತು: ಕಡಲ ದಂಡೆಯದು ಬೇಡ, ತೊಳೆದು ಒಣಗಿಸಿ ಜರಡಿ ಹಿಡಿದ ಹೊಳೆಮರಳು ಇರಲಿ.

ಮಳೆಗಾಲಕ್ಕೆ ಬೋಟು ನಿಲ್ಲಿಸುವಾಗ ಟರ್ಪಾಲನ್ನು ಡೆಕ್ಕಿಗೆ ಅಂಟಿಸಿ ಹೊದಿಸಬಾರದು. ನಡುವೆ ಬಿದಿರು ಎತ್ತಿ ಕಟ್ಟಿ, ಹಿಂದೆ ಮುಂದೆ ಗಾಳಿಯಾಡಲು ಬಿಡಬೇಕು. ನೀರು ಹರಿದುಹೋಗುವ ತೂತುಗಳಲ್ಲಿ ಬಲೆಯ ಚೂರು, ಮೀನಿನ ಪರೆ ಸಿಕ್ಕಿಕೊಂಡಿದ್ದರೆ ಕೀಳಬೇಕು. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಟಾರ್ಚ್ ಹಿಡಿದು ಡೆಕ್ಕಿನ ಅಡಿಗೆ ಇಳಿದು, ಬೋಲ್ಟುಗಳ ಕೆಳತುದಿಯಲ್ಲಿ ಹನಿ ತೂಗುತ್ತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು.